ಟ್ರೇಲರಿನ ಸಣ್ಣ ಪಿನ್ನು

ನಿವೃತ್ತಿಯಾದ ಮೇಲೆ ಒಂದು ಹಳೆಯ ಫೈಬರ್ ದೋಣಿ ಕೊಂಡೆ. ನನ್ನ ಮನೆ ಹೊಸಪೇಟೆಯಲ್ಲಿ, ದೋಣಿ ಬಿಡುವುದು ಕಂಪ್ಲಿಯ ಹೊಳೆಯಲ್ಲಿ. ಜೀಪಿನ ಹಿಂದೆ ಎಳೆದೊಯ್ಯಲು ಟ್ರೇಲರ್ ಬೇಕಾಯಿತು. ಟ್ರ್ಯಾಕ್ಟರ್ ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ದಿನ ಕುಳಿತು, ಅಳತೆ ಕೊಟ್ಟು, ತಗ್ಗಾದ ಎರಡು ಗಾಲಿಯದೊಂದನ್ನು ಮಾಡಿಸಿದೆ.

"ದೋಣಿಗೆ ಗಾಲಿ ಹಚ್ಚಸ್ತೀರಿ, ನಾಳೆ ಎಮ್ಮಿಗೆ ರೆಕ್ಕಿ ಹಚ್ಚು ಅಂತೀರೇನ್ರಿ ಸರ?" ಎಂದು ವೆಲ್ಡರ್ ನಕ್ಕಿದ್ದ.

ಟ್ರೇಲರನ್ನು ಜೀಪಿಗೆ ಸೇರಿಸುವುದು ಹೆಬ್ಬೆರಳು ದಪ್ಪದ ಕಬ್ಬಿಣದ ಗೂಟ. ಕುಲುಕಿದಾಗ ಅದು ಮೇಲೆ ಹಾರದಂತೆ ಕೆಳತುದಿಗೆ ಒಂದು ಸಣ್ಣ ಪಿನ್ನು.

ನನ್ನ ಜೊತೆಗೆ ಬರುತ್ತಿದ್ದಾತ ಕಂಪ್ಲಿಯವನು. ಐವತ್ತರ ಹತ್ತಿರದ ವಯಸ್ಸು. ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ, ಸುಗ್ಗಿಯಲ್ಲಿ ಅಕ್ಕಿ ಮಿಲ್ಲಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ದಸರೆ ಮುಗಿದ ಮರುದಿನ ಬೆಳಗಿನ ಮೊದಲ ಬಸ್ಸಿಗೇ ಬಂದು, ಟ್ರೇಲರ್ ಕಟ್ಟಿ, ನನ್ನನ್ನು ಕೇಳಿದ: "ಸರ, ಸಣ್ಣ ಪಿನ್ನು ಕಾಣವಲ್ದು."

"ನಾನ ಹಾಕೀನಿ. ನಡಿ, ಟೈಮಾತು" ಎಂದೆ. ಬಗ್ಗಿ ನೋಡಲಿಲ್ಲ. ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನಿಗೆ ತಾನು ಹಾಕಿದ್ದೇನೆಂದರೆ ಹಾಕಿದ್ದೇನೆ ಎಂದೇ ಅರ್ಥ.

ಕಂಪ್ಲಿಯ ಹೊರಗಿನ ಚಹಾ ಅಂಗಡಿಯೆದುರು ಹಂಪ್ ದಾಟುವಾಗ ಗೂಟ ಹಾರಿತು. ಟ್ರೇಲರ್ ಕಳಚಿ ಗದ್ದೆಯ ಬದುವಿಗೆ ಗುದ್ದಿತು, ದೋಣಿಯ ಮೂತಿ ಸೀಳಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರ ಬಸ್ಸು ಆಗತಾನೇ ಬಂದು ಅಂಗಡಿ ತುಂಬಿತ್ತು. ಅಷ್ಟು ಜನರ ಮುಂದೆ ನಾನು ಕೂಗಾಡಿದೆ.

"ಒಂದು ಪಿನ್ ಹಾಕಾಕ ಬರಲ್ಲೇನಲೇ? ನೀ ಟ್ರ್ಯಾಕ್ಟರ್ ಬ್ಯಾರೆ ಓಡಸ್ತಿ!"

"ಸರ, ನೀವ ಹೇಳಿದ್ರಿ…"

"ಬಾಯಿ ಮುಚ್ಚು."

ಅಲ್ಲಿಯವರೆಗೆ ಆತನನ್ನು ಎಂದೂ ನಾನು 'ಲೇ' ಎಂದವನಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ದೇವರ ಕೋಣೆಯಿಂದ ಕರೆದಳು. "ಆಯುಧಪೂಜಿ ಸಾಮಾನೆಲ್ಲ ಎತ್ತಿಟ್ರಿ, ಇದೊಂದು ಹೂವಿನ ಕೆಳಗ ಉಳದೈತಿ ನೋಡ್ರಿ."

ವಿಭೂತಿ ಹಚ್ಚಿದ ಪಿನ್ನು. ತೊಳೆದು, ಎಣ್ಣೆ ಒರೆಸಿ, ಎಲ್ಲ ಸಾಮಾನುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟವನು ನಾನೇ. ಎಲ್ಲಕ್ಕಿಂತ ಸಣ್ಣದು ಕೊನೆಗಿತ್ತು.

ಮರುದಿನವೇ ಹೋಗಬೇಕಿತ್ತು. ಹನ್ನೆರಡು ದಿನ ಹೋಗಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಚಹಾ ಅಂಗಡಿಯಲ್ಲಿ ಆತನನ್ನು ಕಂಡರೆ "ಪಿನ್ನು ಬಂತು" ಅನ್ನುತ್ತಾರೆ, ಮಿಲ್ಲಿನವರು ಟ್ರ್ಯಾಕ್ಟರಿಗೆ ಬೇರೆಯವನನ್ನು ಕರೆದಿದ್ದಾರೆ.

ಹದಿಮೂರನೆಯ ದಿನ ಆತನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಆತ ಹೊಸ್ತಿಲಲ್ಲೇ ನಿಂತು ಕೇಳಿದ.

"ನನಗ ಹೇಳಿದ್ರ ಏನಾತ್ರಿ ಸರ? ನನಗ ಅವತ್ತ ಗೊತ್ತಿತ್ತು. ಬರ್ರಿ, ಬೈದಲ್ಲೇ ಹೇಳ್ರಿ."

ಆಗ ಹನ್ನೊಂದು ಗಂಟೆ. ಅಂಗಡಿಯಲ್ಲಿ ಚಹಾದವನೊಬ್ಬನೇ ಇದ್ದ. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲವೆಂದು ಗೊತ್ತಿದ್ದೇ ನಾನು ಮನೆ ಬಿಟ್ಟಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಬಾಯಿ ತೆರೆದೆ. ಆತ ತಡೆದ.

"ಯಾರಿಗ್ರಿ, ಬೆಂಚಿಗೆ ಹೇಳ್ತೀರೇನು? ಕುಂದ್ರಿ. ಮೂರೂವರಿಗೆ ಪಾಳಿ ಬಸ್ ಬರ್ತೈತಿ."

ಕುಳಿತೆವು. ಒಂದು ಗಂಟೆಗೆ ಸರಿಯಾಗಿ ಉಣ್ಣುವ ನಾನು ಅಂದು ಉಣ್ಣಲಿಲ್ಲ, ಆತನೂ ಉಣ್ಣಲಿಲ್ಲ. ನಾಲ್ಕೂವರೆ ತಾಸು ಕಾದೆವು. ಬಸ್ಸು ಬಂತು, ಜನ ಇಳಿದರು. ಎದ್ದು ನಿಂತೆ. ಮೈದಾನದ ಆ ತುದಿಗೂ ಕೇಳಿಸುತ್ತಿದ್ದ ನನ್ನ ದನಿ ಮುಂದಿನ ಬೆಂಚು ದಾಟಲಿಲ್ಲ.

"ಅವತ್ತು ಪಿನ್ನು ಹಾಕದವನು ನಾನು. ಈತ ಕೇಳಿದ್ರೂ ಸುಳ್ಳು ಹೇಳಿದೆ."

"ಅವತ್ತು ಭಾಳ ಜೋರಿದ್ರಿ ಮಾಸ್ತರ," ಎಂದ ಹೆಲ್ಮೆಟ್ ಹಿಡಿದವನೊಬ್ಬ, "ಇವತ್ತು ನೆಗಡಿ ಆಗೈತೇನ್ರಿ?" ಎಲ್ಲರೂ ನಕ್ಕರು.

ನನ್ನ ಪಕ್ಕದಲ್ಲಿದ್ದ ಆತ ನಗಲಿಲ್ಲ. "ಹಿಂದಿನವರಿಗೆ ಕೇಳಿಲ್ರಿ ಸರ. ಇನ್ನೊಮ್ಮೆ ಹೇಳ್ರಿ" ಎಂದ.

ಇನ್ನೊಮ್ಮೆ ಹೇಳಿದೆ.