ಅತ್ತಿಗೆಯ ಇಂಟು ಮಾರ್ಕು

ಆ ಶೆಡ್ಡಿನಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ನಿಜವಾಗಿ ನೋಡಿದರೆ ಅತ್ತಿಗೆಯಾಗಬೇಕಾದ್ದು ಮಾಲೀಕನೊಬ್ಬನಿಗೆ ಮಾತ್ರ, ಅಂದರೆ ಅವಳ ಗಂಡನ ತಮ್ಮನಿಗೆ. ಅವನು ದಿನಕ್ಕೆ ನೂರು ಸಲ ಅತ್ತಿಗೆ, ಅತ್ತಿಗೆ ಅಂತ ಕೂಗುವುದನ್ನು ಕೇಳಿ ಕೇಳಿ ಮಿಲ್ಲಿಂಗ್ ಮೆಷಿನ್ನಿನವನೂ ಹಾಗೇ ಕರೆಯತೊಡಗಿದ. ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಾರ್ಸೆಲ್ಲಿನ ಮುದುಕನ ಬಾಯಲ್ಲೂ ಅತ್ತಿಗೆಯೇ. ನಿಮ್ಮಣ್ಣ ಯಾರಪ್ಪ, ಅವನನ್ನ ನಾನು ಯಾವಾಗ ಕಟ್ಟಿಕೊಂಡೆ ಎಂದು ಅವಳು ಕೇಳಿದ್ದಕ್ಕೆ ಪಾಪ, ಮುದುಕ ಒಂದು ವಾರ ಹಿಂಬಾಗಿಲಿನಿಂದಲೇ ಪಾರ್ಸೆಲ್ ಒಯ್ದ.

ಅಲ್ಲಿ ತಯಾರಾಗುತ್ತಿದ್ದದ್ದು ಪಾರದರ್ಶಕ ಅಕ್ರಿಲಿಕ್ಕಿನ ಬಿಡಿಭಾಗಗಳು. ಮುಖ್ಯವಾಗಿ ಒಂದೇ ಸಾಮಾನು: ಬೆಂಕಿಪೊಟ್ಟಣದಷ್ಟು ದೊಡ್ಡ ಗಟ್ಟಿ, ಅದರೊಳಗೆ ಅಡ್ಡಕ್ಕೂ ಉದ್ದಕ್ಕೂ ಕೊರೆದ ಸಣ್ಣ ದಾರಿಗಳು. ರೋಗಿಗೆ ಔಷಧ ಹನಿಸುವ ಯಂತ್ರದಲ್ಲಿ ಅದು ಕೂರುತ್ತದೆ. ಔಷಧದ ಜೊತೆ ಗಾಳಿಗುಳ್ಳೆ ಹೊರಟರೆ ನರ್ಸಿನ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೇ ಅದು ತಿಳಿನೀರಿನ ಹಾಗಿರಬೇಕು. ಆದರೆ ಅಕ್ರಿಲಿಕ್ಕು ಮಹಾ ಮುನಿಸಿನ ವಸ್ತು. ಡ್ರಿಲ್ಲನ್ನು ಚೂರು ಅವಸರದಲ್ಲಿ ಇಳಿಸಿದರೆ ಬಿಸಿಯಾಗಿ ಕರಗಿ ಅಂಟಿಕೊಳ್ಳುತ್ತದೆ. ಕೊರೆದಾದ ಮೇಲೆ ಓವನ್ನಿನಲ್ಲಿ ಹದವಾಗಿ ಕಾಯಿಸಿ ನಿಧಾನಕ್ಕೆ ಆರಿಸದಿದ್ದರೆ ಒಳಗೇ ಬಿಗುವು ಉಳಿದು ಯಾವತ್ತೋ ಒಂದು ದಿನ ಬಿರುಕು ಬಿಡುತ್ತದೆ.

ಕೊರೆದು, ಕಾಯಿಸಿ ತಂದ ಗಟ್ಟಿಗಳು ಕೊನೆಗೆ ಬರುತ್ತಿದ್ದದ್ದು ಕಿಟಕಿಯ ಪಕ್ಕದ ಅತ್ತಿಗೆಯ ಮೇಜಿಗೆ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿ, ಪೇಸ್ಟು ಹಚ್ಚಿ ಹೊಳಪು ಕೊಡುವುದರಲ್ಲಿ ಅವಳದು ಎತ್ತಿದ ಕೈ. ಆಮೇಲೆ ಪರೀಕ್ಷೆ. ಗಟ್ಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಒತ್ತಿ ಹಿಡಿದು, ತಾರೀಕಿನ ಕೆಳಗಿನ ಇರುವೆಯಂಥ ಅಕ್ಷರಗಳನ್ನು ಅದರ ಮೂಲಕ ಓದುತ್ತಿದ್ದಳು. ಓದಲಿಕ್ಕೆ ಬಂದರೆ ಪಾಸು. ಇಲ್ಲವಾದರೆ ಸೂಜಿ ತೆಗೆದು ತಳದ ಮೂಲೆಗೆ ಒಂದು ಇಂಟು ಮಾರ್ಕು ಕೊರೆದು ಮೇಜಿನ ಕೆಳಗಿನ ಬುಟ್ಟಿಗೆ ಎಸೆಯುತ್ತಿದ್ದಳು. ತಪ್ಪಿಯೂ ಅದು ಹೊರಗೆ ಹೋಗಬಾರದು ನೋಡಿ. ಇಪ್ಪತ್ತೆರಡು ವರ್ಷ ಅವಳ ಮಾತಿಗೆ ಎದುರು ಮಾತಿರಲಿಲ್ಲ.

ಈಚೆಗೆ ಆರು ತಿಂಗಳಿಂದ ಗ್ರಹಚಾರ ಕೆಟ್ಟಿತ್ತು. ಹತ್ತರಲ್ಲಿ ಏಳು ಗಟ್ಟಿ ಮಸುಕು; ಕಿಟಕಿಯಲ್ಲಿ ಬಿಸಿಲು ಜೋರಾಗಿದ್ದಾಗ ನೋಡಿದ ಮೂರಷ್ಟೇ ಪಾಸು. ಮೊದಲು ಪೇಸ್ಟನ್ನು ಬೈದಳು, ಆಮೇಲೆ ನೀರನ್ನು, ಕೊನೆಗೆ ಅಕ್ರಿಲಿಕ್ ಹಲಗೆ ಕೊಡುವವನ ಜನ್ಮ ಜಾಲಾಡಿದಳು. ಮನೆಯಲ್ಲಿ ಸೊಸೆ ತೊಳೆದಿಟ್ಟ ಲೋಟವೂ ಮಂಜು ಮಂಜು. ಆ ಹುಡುಗಿ ಒಂದೇ ಲೋಟವನ್ನು ಮೂರು ಸಲ ತೊಳೆದು, ಅತ್ತೆಗೆ ಏನೋ ಆಗಿದೆ ಎಂದು ಮಾವನ ಹತ್ತಿರ ಪಿಸುಗುಟ್ಟಿದಳು. ಮಾವ ನಿದ್ದೆಯಲ್ಲೇ ಹೂಂ ಅಂದ.

ಅತ್ತಿಗೆಗೆ ಅನುಮಾನ ಬರಲಿಲ್ಲವೆ? ಬಂದಿತ್ತು. ಆದರೆ ತಪ್ಪು ಕಣ್ಣಿನದು ಎಂದಾದರೆ ಕಿಟಕಿಯ ಪಕ್ಕದ ಆ ಜಾಗ ಹೋದಂತೆಯೇ. ಆ ಮೇಜಿಲ್ಲದೆ ತಾನು ಯಾರು? ಮನೆಯಲ್ಲಿ ಗೊರಕೆ ಕೇಳುತ್ತ ಕೂರುವವಳು, ಅಷ್ಟೆ. ಆ ಹೆದರಿಕೆಗೇ ಅನುಮಾನವನ್ನು ಹುಟ್ಟಿದಲ್ಲೇ ಅದುಮಿಬಿಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಔಷಧ ಯಂತ್ರದ ಕಂಪನಿಯಿಂದ ಒಬ್ಬಳು ಇಂಜಿನಿಯರಮ್ಮ ಬಂದಳು. ಇಷ್ಟು ತಿಳಿಯಾದ ಗಟ್ಟಿ ಬೇರೆಲ್ಲೂ ಸಿಗುವುದಿಲ್ಲ ಎಂದು ಹೊಗಳಿದಳು. ಚೀಲದಿಂದ ಒಂದನ್ನು ತೆಗೆದು ಅತ್ತಿಗೆಯ ಕೈಗಿಟ್ಟು, ತಳದಲ್ಲಿ ಇಂಟು ಗುರುತು ಇರುವ ಗಟ್ಟಿಗಳು ಎಲ್ಲಕ್ಕಿಂತ ಚೊಕ್ಕ, ಅದು ನಿಮ್ಮ ಕೈಯ ಗುರುತಂತೆ, ಇನ್ನು ಮೇಲೆ ಎಲ್ಲದಕ್ಕೂ ಹಾಕಿಬಿಡಿ ಎಂದಳು. ಮೈದುನ ಇದ್ದಕ್ಕಿದ್ದಂತೆ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅತ್ತಿಗೆ ಹೆಬ್ಬೆರಳಿನ ಉಗುರಿನಿಂದ ತಳವನ್ನು ಸವರಿದಳು. ಗೀಟು ಸಿಕ್ಕಿತು.

ಇಂಜಿನಿಯರಮ್ಮ ಹೋದ ಮೇಲೆ ಅವಳು ಆ ಗಟ್ಟಿಯನ್ನು ಕ್ಯಾಲೆಂಡರಿಗೆ ಹಿಡಿದಳು. ಮಸುಕು. ಗಟ್ಟಿಯನ್ನು ತೆಗೆದು ಅಕ್ಷರಗಳನ್ನು ಬರಿಗಣ್ಣಲ್ಲಿ ನೋಡಿದಳು. ಆಗಲೂ ಅಷ್ಟೇ ಮಸುಕು. ಇಪ್ಪತ್ತೆರಡು ವರ್ಷದಲ್ಲಿ ಗಟ್ಟಿಯಿಲ್ಲದೆ ಆ ಅಕ್ಷರಗಳನ್ನು ನೋಡಬೇಕೆಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ.

"ಯಾವಾಗಿಂದ ಗೊತ್ತು ನಿನಗೆ?" ಎಂದು ಕೇಳಿದಳು.

ಮೈದುನ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಮೊದಲ ತಿಂಗಳೇ ಗೊತ್ತಾಗಿತ್ತು. ಬುಟ್ಟಿಯದನ್ನೆಲ್ಲ ದೀಪಕ್ಕೆ ಹಿಡಿದು ನೋಡಿ, ಒಳ್ಳೆಯದನ್ನು ತಾನೇ ಕಳಿಸುತ್ತಿದ್ದ. ಇಂಟು ಮಾರ್ಕನ್ನು ಉಜ್ಜಿ ತೆಗೆದರೆ ಗಟ್ಟಿಯ ಅಳತೆ ಕೆಡುತ್ತದೆ, ಅದಕ್ಕೇ ಹಾಗೇ ಬಿಟ್ಟಿದ್ದ.

"ಹೇಳಿದ್ರೆ ನಾಳೆಯಿಂದ ನೀವು ಬರಲ್ಲ ಅಂತ ಭಯ ಆಯ್ತು ಅತ್ತಿಗೆ."

ಅವಳಿಗೆ ಮೈಯೆಲ್ಲ ಉರಿಯಿತು. ತನ್ನನ್ನು ಬೊಂಬೆಯ ಹಾಗೆ ಕೂರಿಸಿದ್ದನಲ್ಲ ಎಂಬ ಸಿಟ್ಟು, ಅದಕ್ಕಿಂತ ಹೆಚ್ಚು ನಾಚಿಕೆ. ಆದರೆ ಮರುಕ್ಷಣ ಬೇರೆ ಒಂದು ಯೋಚನೆ ಬಂತು.

"ಬುಟ್ಟೀದು ನೋಡ್ದೆ. ನಾನು ಪಾಸು ಮಾಡಿದ್ದು?"

"ನೀವು ಪಾಸು ಮಾಡಿದ್ಮೇಲೆ ನಾನು ಯಾಕೆ ನೋಡ್ಲಿ?"

ಅತ್ತಿಗೆ ಕಪಾಟಿನಿಂದ ಪಾಸಾದ ಗಟ್ಟಿಗಳ ತಟ್ಟೆ ತಂದು ದೀಪದ ಕೆಳಗಿಟ್ಟಳು. ಮೈದುನ ಒಂದೊಂದಾಗಿ ಎತ್ತಿ ನೋಡಿದ. ಹತ್ತು ಸರಿಯಿದ್ದವು. ಹನ್ನೊಂದನೆಯದನ್ನು ಎತ್ತಿದವನು ಕೆಳಗಿಡಲಿಲ್ಲ. ಸ್ಕ್ರೂ ತೂತಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಅವನು ಕೆಳಗಿಡದ್ದರಲ್ಲೇ ಅವಳಿಗೆ ತಿಳಿಯಿತು. ಇಂಥದ್ದೇ ಒಂದು ಯಾರೋ ಗುರುತಿಲ್ಲದ ರೋಗಿಯ ಯಂತ್ರದಲ್ಲಿ ಆಗಲೇ ಕೂತಿರಬಹುದು.

"ಇಂಜಿನಿಯರಮ್ಮ ಇನ್ನೂ ದೂರ ಹೋಗಿರಲ್ಲ, ಫೋನ್ ಮಾಡು," ಎಂದಳು. "ಆರು ತಿಂಗಳ ಮಾಲು ಅಷ್ಟೂ ವಾಪಸ್ ತರಿಸು. ಯಾಕೆ ಅಂದ್ರೆ, ನೋಡೋಳಿಗೆ ಕಣ್ಣು ಕಾಣಲ್ಲ ಅಂತಾನೇ ಹೇಳು. ಸುಳ್ಳು ಹೇಳ್ಬೇಡ."

ಅವನು ಹಾಗೇ ಹೇಳಿದ. ಆ ಕಡೆಯ ಬೈಗುಳ ಅತ್ತಿಗೆಯ ಕಿವಿಗೂ ಬಿತ್ತು. ಅವಳು ಮೇಜನ್ನು ಒರೆಸಿ, ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಅವನು ಫೋನ್ ಇಟ್ಟದ್ದೇ ಕಣ್ಣಿನ ಡಾಕ್ಟರ ಹತ್ತಿರ ಈಗಲೇ ಕರೆದುಕೊಂಡು ಹೋಗು ಎಂದಳು.

ಬಾಗಿಲ ಹತ್ತಿರ ಬಂದವಳು ನಿಂತುಬಿಟ್ಟಳು. ಅವನು ಎರಡು ಮೆಟ್ಟಿಲು ಇಳಿದು, ಯಾಕೆ ಎಂಬಂತೆ ತಿರುಗಿ ನೋಡಿದ.

"ಇಷ್ಟು ದಿನ ಮೆಟ್ಟಿಲು ಎಣಿಸ್ಕೊಂಡು ಇಳೀತಿದ್ದೆ ಕಣೋ," ಎಂದಳು ಅತ್ತಿಗೆ. "ಕೈ ಕೊಡು."