ಬಣ್ಣ ಮೊದಲೋ, ಕಡ್ಡಿ ಮೊದಲೋ

ಕೈಗವಸು ಕಳಚಿದಾಗ ಅವರ ಬೆರಳ ತುದಿಗಳು ಬಟ್ಟೆ ಒಗೆದು ಎದ್ದವರ ಬೆರಳಿನಂತೆ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿದ್ದವು. ಉಂಗುರದ ಬೆರಳಿನಲ್ಲಿ ಉಂಗುರವಿಲ್ಲ, ಅದರ ಗುರುತು ಮಾತ್ರ. ಉಂಗುರ ಕೊರಳಿನ ದಾರದಲ್ಲಿ, ಬೆಳ್ಳಿಯ ಕರಡಿಗೆಯ ಪಕ್ಕದಲ್ಲಿ ತೂಗುತ್ತಿತ್ತು. ಕೆಲಸ ಮುಗಿಸಿ ಲ್ಯಾಬಿನ ಬಾಗಿಲು ದಾಟಿದ ಮೇಲೆಯೇ ಅದು ಬೆರಳಿಗೆ ಬರುವುದು. "ಅದು ಲ್ಯಾಬಿನ ಕೈ, ಇದು ಮನಿ ಕೈ" ಎಂದು ನಗುವರು. ಬೆಳಗಾವಿಯ ಆ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಖಾನಾಪುರದ ಒಂದು ಸಣ್ಣ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರರ ಸಹಾಯಕಿ. ಕಣ್ಣು ಕೆಂಪಾಗಿ ಬಂದವರಲ್ಲಿ ಹೆಚ್ಚಿನವರಿಗೆ ಡಾಕ್ಟರು ನೋಡಿಯೇ ಔಷಧಿ ಬರೆಯುತ್ತಾರೆ. ಕೆಲವು ಕಣ್ಣುಗಳು ಮಾತ್ರ ಅವರಿಗೂ ಗುಟ್ಟು ಬಿಟ್ಟುಕೊಡುವುದಿಲ್ಲ. ಆಗ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ತೆಳ್ಳನೆಯ ಕಡ್ಡಿಯಿಂದ ಗಾಯವನ್ನು ಮೆಲ್ಲಗೆ ಸವರಿ, ಕಡ್ಡಿಯನ್ನು ಔಷಧದ ನೀರಿರುವ ಟ್ಯೂಬಿಗೆ ಇಳಿಸಿ, ಐಸ್ ಡಬ್ಬಿಯಲ್ಲಿಟ್ಟು ಬೆಳಗಾವಿಗೆ ಕಳಿಸುವುದು ನನ್ನ ಕೆಲಸ. ಕರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳದವರು ಯಾರಿದ್ದಾರೆ? ಅದೇ ಜಾತಿಯ ಯಂತ್ರ ಕಣ್ಣಿನ ವೈರಸ್ಸನ್ನೂ ಹುಡುಕಿಕೊಡುತ್ತದೆ. ಆ ಯಂತ್ರದ ಮುಂದೆ ಕೂತವರು ಅಕ್ಕೋರು.

ಅವರಿಗೆ ಟ್ಯೂಬು ತಲುಪಿತೆಂದರೆ ಸಾಕು, ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಎಷ್ಟು ಗಂಟೆಗೆ ತೆಗೆದಿ? ಐಸ್ ಕರಗಿತ್ತೇನು? ಕಣ್ಣಿಗೆ ಹಳ್ಳಿಯಾಗ ಏನರೆ ಎಲಿರಸ ಹಿಂಡಿದ್ರೇನು? ಪೊಲೀಸರೂ ಇಷ್ಟು ಕೇಳಲಿಕ್ಕಿಲ್ಲ. ನಾನು ಹುಟ್ಟಾ ಸಿಡುಕಿ. ಅವರ ನಂಬರು ಕಂಡರೆ ಹಲ್ಲು ಕಡಿಯುತ್ತಿದ್ದೆ. ಆದರೆ ಅವರು ನನ್ನನ್ನಷ್ಟೇ ಗೋಳುಹೊಯ್ದುಕೊಳ್ಳುತ್ತಿದ್ದರು ಎಂದರೆ ಅನ್ಯಾಯವಾಗುತ್ತದೆ. ಒಮ್ಮೆ ನಮ್ಮ ಡಾಕ್ಟರರೇ ಚೀಟಿಯಲ್ಲಿ ಎಡಗಣ್ಣೋ ಬಲಗಣ್ಣೋ ಬರೆಯಲು ಮರೆತರು. ಅಕ್ಕೋರು ಅವರಿಗೇ ಫೋನು ಹಚ್ಚಿದರು. "ಸಾಹೇಬ್ರ, ಮನಶ್ಯಾಗ ಕಣ್ಣು ಎರಡ ಅದಾವ. ಯಾವುದಂತ ನಾ ಜ್ಯೋತಿಷ್ಯ ಹೇಳಲೇನ್ರಿ?" ಡಾಕ್ಟರು ಕೆಂಪಾದರು. ನನಗೆ ಮನಸ್ಸಿನೊಳಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹತ್ತಿರದ ಹಳ್ಳಿ ಗುಂಜಿಯಿಂದ ಒಬ್ಬ ಮಾವಶಿ ಬಂದದ್ದು ಆ ವರ್ಷವೇ; ನಮ್ಮ ಕಡೆ ವಯಸ್ಸಾದ ಹೆಂಗಸರನ್ನು ಮಾವಶಿ ಎನ್ನುತ್ತೇವೆ, ಚಿಕ್ಕಮ್ಮ ಎಂದಂತೆ. ಆಡು ಮೇಯಿಸುವ, ಅರವತ್ತರ ಆಸುಪಾಸಿನ ಹೆಂಗಸು. ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಹೀಗೇ ಕೆಂಪಾಗಿ, ಏನೆಂದು ತಿಳಿಯುವ ಮೊದಲೇ ಬಿಳಿಚಿಕೊಂಡು ಹೋಯಿತಂತೆ. ಈಗ ಇರುವ ಒಂದೇ ಕಣ್ಣು, ಬಲಗಣ್ಣು, ಕೆಂಡವಾಗಿತ್ತು. ಅಂಗಡಿಯಿಂದ ಯಾವುದೋ ಹನಿ ತಂದು ವಾರಗಟ್ಟಲೆ ಹಾಕಿಕೊಂಡಿದ್ದಳು. ಡಾಕ್ಟರು ಬಹಳ ಹೊತ್ತು ನೋಡಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಇದು ಬರೀ ಉರಿಯೂತವಾದರೆ ಆಕೆ ಹಾಕಿಕೊಂಡ ಹನಿಯೇ ಮದ್ದು, ಇನ್ನೂ ಜೋರಾಗಿ ಹಾಕಬೇಕು. ಜ್ವರದಲ್ಲಿ ತುಟಿಗೆ ಗುಳ್ಳೆ ಏಳಿಸುತ್ತದಲ್ಲ, ಆ ವೈರಸ್ಸಾದರೆ ಅದೇ ಹನಿ ಕಣ್ಣನ್ನು ತಿಂದುಹಾಕುತ್ತದೆ. ಗಾಯದ ಆಕಾರ ಕೆಟ್ಟುಹೋಗಿದೆ, ನೋಡಿ ಹೇಳಲಿಕ್ಕಾಗದು. ಹನಿ ನಿಲ್ಲಿಸೋಣ. ಇವತ್ತು ಬಣ್ಣ ಹಾಕಿ ನೋಡಿಯಾಗಿದೆ, ನಾಳೆ ಬೆಳಿಗ್ಗೆ ಬಂದ ಕೂಡಲೇ ಕಡ್ಡಿ ತೆಗೆ. ಬಣ್ಣ ಮಾತ್ರ ಹಾಕಬೇಡ.

ಬಣ್ಣವೆಂದರೆ ಹಳದಿ ಹನಿ. ಅದನ್ನು ಹಾಕಿ ನೀಲಿ ಬೆಳಕು ಬಿಟ್ಟರೆ ಕಣ್ಣಿನ ಗಾಯ ಹಸಿರಾಗಿ ಹೊಳೆಯುತ್ತದೆ. ಜನ ಹೆಚ್ಚಾದ ದಿನ ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಈ ತುದಿಯಿಂದ ಆ ತುದಿಗೆ ಹನಿ ಹಾಕುತ್ತ ಹೋಗುವುದು ನಾನೇ ಕಂಡುಹಿಡಿದ ಜಾಣತನ. ಮರುದಿನ ಸಂತೆ. ಬೆಂಚು ತುಂಬಿತ್ತು. ಕೊನೆಯ ಕಣ್ಣಿಗೆ ಹನಿ ಬಿದ್ದ ಮೇಲೆ ಮುಖ ನೋಡಿದೆ. ಗುಂಜಿಯ ಮಾವಶಿ!

ಡಾಕ್ಟರರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣು ತೊಳೆದೆ, ಒರೆಸಿದೆ, ಕಡ್ಡಿ ತೆಗೆದೆ, ಟ್ಯೂಬನ್ನು ಮಧ್ಯಾಹ್ನದ ಬಸ್ಸಿಗೆ ಕಳಿಸಿದೆ. ಇಷ್ಟೇ ಇಷ್ಟು ಬಣ್ಣದಿಂದ ಏನಾದೀತು ಎಂದುಕೊಂಡೆ.

ನಾಲ್ಕು ಗಂಟೆಗೆ ಫೋನು ಬಂತು.

"ತಂಗಿ, ಗುಂಜಿಯವರದು. ಬಣ್ಣ ಮೊದಲೋ, ಕಡ್ಡಿ ಮೊದಲೋ?"

"ಕಡ್ಡಿ ಮೊದಲರಿ ಅಕ್ಕೋರ" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂತು.

"ಆತು. ಛಲೋತ್ನಾಗಿ ನೆನಪ ಮಾಡ್ಕೊಂಡು ಇನ್ನೊಮ್ಮೆ ಫೋನ್ ಹಚ್ಚವಾ. ಅಲ್ಲೀತನಕ ನಾ ಮಷಿನ್ ಚಾಲೂ ಮಾಡೂದಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು.

ಸಂಜೆ ಡಾಕ್ಟರು ಕೋಟು ತೆಗೆಯುತ್ತ, "ರಿಪೋರ್ಟು ವೈರಸ್ ಇಲ್ಲ ಅಂತ ಬಂದ್ರ ನಾಳೆನ ಹನಿ ಚಾಲೂ ಮಾಡೂಣು. ಪಾಪ, ಒಂದ ಕಣ್ಣು" ಎಂದರು. ದವಾಖಾನೆಯ ಹಿಂದಿನ ನೀರಿನ ಟಾಕಿಯ ಹತ್ತಿರ ಹೋಗಿ ಫೋನು ಹಚ್ಚಿದೆ. "ಅಕ್ಕೋರ, ಬಣ್ಣ ಮೊದಲ ಬಿತ್ತರಿ. ನಾ ಸುಳ್ಳ ಹೇಳಿದೆ." ಹೇಳುತ್ತಲೇ ಅತ್ತುಬಿಟ್ಟೆ.

"ಅಳಬ್ಯಾಡ. ಬಣ್ಣ ಕೂಡಿತಂದ್ರ ಮಷಿನ್ನಿಗೇ ಕತ್ತಲಿ ಕವೀತೈತಿ. ವೈರಸ್ ಇದ್ರೂ ಇಲ್ಲ ಅಂದುಬಿಡತೈತಿ. ಈ ಟ್ಯೂಬ್ ಬಾದ್ ಆತು. ಬಣ್ಣ ಪೂರಾ ಹೋಗಲಿ, ನಾಳಿ ಆಕಿ ಮನಿಗೇ ಹೋಗಿ ಮತ್ತ ತಗೊಳೂಣು. ಹೆಂಗೂ ನನಗ ಸೂಟಿ ಐತಿ, ಗುಂಜಿಗೆ ನಾನೂ ಬರ್ತೀನಿ."

ಡಾಕ್ಟರರಿಗೂ ಇದ್ದದ್ದನ್ನು ಹೇಳಿ, ಮರುದಿನ ಖಾನಾಪುರದಲ್ಲಿ ನಾನು ರೈಲು ಹತ್ತಿದಾಗ ಅಕ್ಕೋರು ಕಿಟಕಿಯ ಪಕ್ಕ ಕೂತಿದ್ದರು. ತೊಡೆಯ ಮೇಲೆ ಐಸ್ ಡಬ್ಬಿ, ಅದರ ಮೇಲೆ ರೊಟ್ಟಿ ಶೇಂಗಾಚಟ್ನಿಯ ಗಂಟು. "ಕುಂದರ, ಮೊದಲ ಉಣ್ಣು. ನಿನ್ನಿ ರಾತ್ರಿ ಉಂಡಿರೂದಿಲ್ಲ ನೀ" ಎಂದರು. ಉಂಡಿರಲಿಲ್ಲ. ತಿನ್ನುತ್ತ ಕೇಳಿದೆ: "ನಿಮಗ ಮೊದಲ ಗೊತ್ತಿತ್ತೇನರಿ?"

"ನೀಲಿ ಬೆಳಕಿಗೆ ಹಿಡಿದೆ, ಟ್ಯೂಬ್ ಹಚ್ಚಗ ಹೊಳೀತು. ಗೊತ್ತಾಗದ ಏನು?"

"ಮತ್ತ ಯಾಕ ಕೇಳಿದ್ರಿ? ಅವಾಗ ಬೈಬೇಕಿತ್ತಲ್ಲರಿ."

ಅವರು ಹೊರಗೆ ನೋಡುತ್ತ ಹೇಳಿದರು: "ಈ ಸಲ ಟ್ಯೂಬ್ ಹೇಳಿತು. ಟ್ಯೂಬಿನಾಗ ಕಾಣದಂಥಾ ತಪ್ಪು ನಾಳಿ ಆಗತೈತಿ. ಅದನ್ನ ಯಾರ ಹೇಳಬೇಕು? ನೀನ ಹೇಳಬೇಕಲ್ಲ. ಹೇಳತೀಯೋ ಇಲ್ಲೋ ಅಂತ ನನಗ ನೋಡಬೇಕಾಗಿತ್ತು." ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಮಾವಶಿ ಪಡಸಾಲೆಯಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಆಡುಗಳು ಒರಲಿದರೆ ದನಿಯ ಮೇಲೇ ಗುರುತಿಸಿ ಬೈಯುತ್ತಿದ್ದಳು. ಮತ್ತೆ ಕಡ್ಡಿ ಎಂದ ಕೂಡಲೇ ಸಿಡಿದಳು. "ನಿನ್ನಿ ಚುಚ್ಚಿದ್ದು ಏನಾತು? ನಂದೇನು ಕಣ್ಣೋ, ಆಟಿಗಿ ಸಾಮಾನೋ?" ಅಕ್ಕೋರು ನನ್ನ ಮುಖವನ್ನಷ್ಟೇ ನೋಡಿದರು.

"ಮಾವಶಿ, ತಪ್ಪು ನಂದರಿ. ಬ್ಯಾಡಂದ್ರೂ ಬಣ್ಣ ಹಾಕಿಬಿಟ್ಟೆ. ಅದಕ್ಕ ಟೆಸ್ಟ್ ಆಗಲಿಲ್ಲ" ಎಂದೆ.

ಮಾವಶಿ ಬಟ್ಟೆ ತೆಗೆದು, ಕಾಣುವಷ್ಟು ಕಣ್ಣಲ್ಲಿ ನನ್ನನ್ನು ಅಳೆದಳು. "ತಪ್ಪಾತು ಅನ್ನಾಕ ರೈಲ ಹತ್ತಿ ಬಂದಿ?"

"ಹೂನ್ರಿ."

"ಖರೇ ಹೇಳಿದಿ. ತಗೋ ಹಂಗಾರ" ಎಂದು ತಾನೇ ಬೆರಳಿನಿಂದ ಕೆಳರೆಪ್ಪೆ ಎಳೆದು ಹಿಡಿದಳು. ಕಡ್ಡಿ ಅಕ್ಕೋರು ತೆಗೆಯುತ್ತಾರೆಂದು ನಾನು ಸರಿದು ನಿಂತೆ. ಅವರು ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. ನನ್ನ ಮೊಣಕೈಗೆ ಆಸರೆಯಾಗಿ ಹಿಡಿದುಕೊಂಡರು, ನಾನು ಗಾಯವನ್ನು ಮೆಲ್ಲಗೆ ಸವರಿದೆ.

ಮರುದಿನ ಸಂಜೆ ಫೋನಿನಲ್ಲಿ ಅವರ ದನಿ ಕುಣಿಯುತ್ತಿತ್ತು. "ವೈರಸ್ಸ ಐತವಾ! ಹನಿ ಬ್ಯಾಡಂತ ಹೇಳು ಸಾಹೇಬ್ರಿಗೆ, ಮುಲಾಮು ಚಾಲೂ ಮಾಡಲಿ." ರೋಗವಿದೆ ಎಂಬ ಸುದ್ದಿ ಕೇಳಿ ನಾನು ಹಿಗ್ಗಿದ್ದು ಅದೇ ಮೊದಲು. ದಿನಕ್ಕೆ ಐದು ಸಲ ಮುಲಾಮು. ಕೆಲವು ವಾರಗಳಲ್ಲಿ ಗಾಯ ಮುಚ್ಚಿತು, ಒಂದು ಅಂಚಿನಲ್ಲಿ ತೆಳ್ಳನೆಯ ಮಂಜು ಉಳಿಯಿತು. ಮಾವಶಿ ದವಾಖಾನೆಯ ಗೋಡೆಯ ಅಕ್ಷರದ ಹಲಗೆಯನ್ನು ಓದಲಾರಳು, ಸಾಲಿ ಕಲಿತವಳಲ್ಲ. ಕಿಟಕಿಯಿಂದ ಬೀದಿಯ ಆಚೆಗಿದ್ದ ಆಡನ್ನು ತೋರಿಸಿ, "ಅದು ಗಬ್ಬ ಐತಿ ನೋಡು" ಎಂದಳು. ಡಾಕ್ಟರು ಚೀಟಿಯಲ್ಲಿ ದೃಷ್ಟಿ ಚೆನ್ನಾಗಿದೆ ಎಂದು ಬರೆದುಕೊಂಡರು.

ಆಮೇಲಿನ ವರ್ಷಗಳಲ್ಲಿ ನಾನು ತಪ್ಪೇ ಮಾಡಲಿಲ್ಲವೆಂದರೆ ಅದೂ ಸುಳ್ಳಾದೀತು. ಊರಿಗೆ ಊರೇ ಕಣ್ಣು ಕೆಂಪಾದ ಒಂದು ಮಳೆಗಾಲದಲ್ಲಿ, ಇಬ್ಬರ ನಡುವೆ ಕೈಗವಸು ಬದಲಿಸಿದೆನೋ ಇಲ್ಲವೋ ಎಂದು ನೆನಪಾಗಲಿಲ್ಲ. ಯಾರೂ ನೋಡಿರಲಿಲ್ಲ, ಟ್ಯೂಬಿನಲ್ಲೂ ಏನೂ ಕಾಣುವಂತಿರಲಿಲ್ಲ. ಬಸ್ಸು ಬೆಳಗಾವಿ ಮುಟ್ಟುವ ಮೊದಲೇ ಫೋನು ಮಾಡಿ ಹೇಳಿದೆ. ಅಕ್ಕೋರು "ಎರಡೂ ಚೆಲ್ಲತೇನಿ, ಮತ್ತ ಕಳಸು" ಎಂದಷ್ಟೇ ಹೇಳಿ ಇಟ್ಟರು. ಅವರಿಬ್ಬರ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಹೋದ ವರ್ಷ ಅಕ್ಕೋರು ನಿವೃತ್ತರಾದರು. ಈಗ ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ಆರಾಮಾಗಿದ್ದಾರೆ, ಫೋನು ಮಾಡಿದರೆ ಈಗಲೂ ಮೊದಲು ಊಟವಾಯಿತೇ ಎಂದು ಕೇಳುತ್ತಾರೆ. ನನ್ನ ಕೈಯಿಂದ ಇಂದು ಯಾವುದೇ ಕಣ್ಣಿಗೆ ಒಳ್ಳೆಯದಾದರೆ ಅದರಲ್ಲಿ ಅವರ ಪಾಲಿದೆ. ಇದನ್ನು ಅವರಿಗೆ ಎದುರಿಗೆ ಹೇಳಲು ಲ್ಯಾಬಿನ ಕೊನೆಯ ದಿನ ಪೇಢೆ ಹಿಡಿದು ಹೋಗಿದ್ದೆ. ಅವರು ತಮ್ಮ ಜಾಗಕ್ಕೆ ಬಂದಿದ್ದ ಹೊಸ ಟೆಕ್ನಿಷಿಯನ್‌ಗೆ ಒಂದೊಂದೇ ಊರಿನ ದವಾಖಾನೆಯ ಬಗ್ಗೆ ಹೇಳಿಕೊಡುತ್ತಿದ್ದರು. ಇವರಿಗೆ ಐಸ್ ಬಗ್ಗೆ ಕೇಳು, ಅವರು ಹೊತ್ತು ಬರೆಯೂದಿಲ್ಲ, ಕೇಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಒಳಗೆ ಕರೆದರು.

"ಈಕಿ ಖಾನಾಪುರದಾಕಿ" ಎಂದರು ಹೊಸಬರಿಗೆ. "ಈಕಿ ಟ್ಯೂಬ್ ಬಂದ್ರ ಫೋನ್ ಮಾಡಿ ಏನೂ ಕೇಳಬ್ಯಾಡ. ತಪ್ಪಾಗಿದ್ರ ಈಕೀನ ಮೊದಲ ಫೋನ್ ಮಾಡತಾಳ."

ಪೇಢೆಯ ಡಬ್ಬಿ ಕೊಟ್ಟೆ. ಹೇಳಬೇಕೆಂದುಕೊಂಡು ಹೋಗಿದ್ದ ಮಾತಿನ ಬದಲು "ಊಟ ಆತೇನರಿ ಅಕ್ಕೋರ?" ಎಂದು ಕೇಳಿದೆ.