ಆಯಿಯ ಹಲ್ಲಿನ ಹರಳು

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ತೊಂಬತ್ತರ ದಶಕದಲ್ಲಿ, ನಾನು ಬಸವನ ಬಾಗೇವಾಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಆಕೆಯ ದವಡೆ ಹಲ್ಲು ಕೀಳಿಸಬೇಕಾಯಿತು. ಹಲ್ಲು ಎರಡು ಹೋಳಾಗಿ ಬಂತು. ಡಾಕ್ಟರು ಒಂದು ಹೋಳನ್ನು ಬೆಳಕಿಗೆ ಹಿಡಿದು, "ಒಳಗ ಹರಳ ಬೆಳದೈತಿ ನೋಡ್ರಿ" ಎಂದರು. ಸಾಸಿವೆಯಷ್ಟು ಹಳದಿ ಕಾಳು. ಆಯಿ ಎಲ್ಲವನ್ನೂ ತನ್ನ ಎಲೆಯಡಿಕೆ ಸಂಚಿಗೆ ಹಾಕಿಕೊಂಡಳು.

ನಮ್ಮೂರು ಇಂಗಳೇಶ್ವರದ ಮನೆಗೆ ಬಂದ ಕೂಡಲೇ ದೊಡ್ಡಪ್ಪ ತೀರ್ಪು ಕೊಟ್ಟರು. "ಎಲಿಗೆ ಸುಣ್ಣ ಹಚ್ಚಿ ಹಚ್ಚಿ ತಿಂದಿ, ಯವ್ವಾ. ಅದ ಹಲ್ಲಿಗಿಳದು ಕಲ್ಲಾಗೇತಿ." ಸುಣ್ಣದ ಡಬ್ಬಿ ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು.

ಆಯಿ ಅಳಲಿಲ್ಲ. ಸುಣ್ಣವಿಲ್ಲದ ಎಲೆ ಜಗಿದು ಅವರೆದುರೇ ಉಗಿದಳು. "ನನ್ನ ಗಂಡ ಕೊಡಿಸಿದ ಡಬ್ಬಿ. ನನ್ನ ಕೈಯಾಗ ಕೊಡು."

"ಅದು ಸುಣ್ಣ ಅಲ್ಲ ಅನಸತೈತ್ರಿ ದೊಡ್ಡಪ್ಪ," ಎಂದೆ.

"ಅನಸತೈತಿ? ಇಷ್ಟ ಹೇಳಾಕ ನಿನ್ನ ದಿನಾ ಬಸ್ಸಿಗೆ ಕಳಸತೇವೇನು?"

ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವಳು ನಾನೊಬ್ಬಳೇ. ರಸಾಯನಶಾಸ್ತ್ರ ಓದಿದವಳು ನಾನು, ತೀರ್ಪು ಮಾತ್ರ ಅವರದು.

"ನಾಳೆ ಕಾಲೇಜಿಗೆ ಬರ್ರಿ. ಡಬ್ಬಿನೂ ತರ್ರಿ."

ಆಯಿ ಸಂಚಿ ಬಿಚ್ಚಿ ಹರಳು, ಹಲ್ಲಿನ ಹೋಳು ಕೊಟ್ಟಳು. "ಹಾಳಾದ್ರ ಆಗಲಿ. ನೋಡೇ ಬಿಡು."

ಮರುದಿನ ದೊಡ್ಡಪ್ಪ ಧೋತರ, ಪಟಕಾ ಸಮೇತ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತರು. ನಮ್ಮ ಸರ್ ಒಪ್ಪಿಗೆ ಕೊಟ್ಟಿದ್ದರು. ಹರಳು, ಹಲ್ಲಿನ ಪುಡಿ, ಡಬ್ಬಿಯ ಸುಣ್ಣ ಮೂರನ್ನೂ ಬೇರೆ ಬೇರೆ ನಳಿಕೆಗಳಲ್ಲಿ ನೈಟ್ರಿಕ್ ಆಮ್ಲ ಹಾಕಿ ಕರಗಿಸಿದೆ. ಅಮೋನಿಯಂ ಮಾಲಿಬ್ಡೇಟ್ ಸೇರಿಸಿ ಬೆಚ್ಚಗೆ ಮಾಡಿದೆ. ಹಲ್ಲು, ಎಲುಬುಗಳಲ್ಲಿರುವ ಫಾಸ್ಫೇಟ್ ಇದ್ದರೆ ಹಳದಿ ಬರಬೇಕು. ಹಲ್ಲಿನದು ಹಳದಿಯಾಯಿತು. ಹರಳಿನದೂ ಅದೇ ಹಳದಿ. ಸುಣ್ಣದ್ದು ಮಾತ್ರ ನೀರಿನಂತೆಯೇ ಉಳಿಯಿತು.

"ಹರಳು ಹಲ್ಲ ತಾನ ಬೆಳಸಿದ್ದರಿ. ಸುಣ್ಣದ್ದಲ್ಲ."

"ಹಂಗಾರ ಹಲ್ಲಾಗ ಸುಣ್ಣದ ಅಂಶ ಇಲ್ಲೇನು?"

"ಕ್ಯಾಲ್ಸಿಯಂ ಎರಡರಾಗೂ ಐತ್ರಿ. ನಿಮ್ಮ ಎಲುಬಿನ್ಯಾಗೂ ಐತಿ. ನೀವ ಎಲಿ ಹಾಕೂದಿಲ್ಲಲ್ಲ, ಅದೆಲ್ಲಿಂದ ಬಂತು?"

ಅವರು ನಳಿಕೆಗಳತ್ತ ಬೊಟ್ಟು ಮಾಡಿದರು. "ಮತ್ತೊಮ್ಮೆ ಮಾಡು."

ಹರಳು ಮುಗಿದಿತ್ತು. ಸುಣ್ಣದ ಪರೀಕ್ಷೆಯನ್ನೇ ಮತ್ತೆ ಮಾಡಿ ತೋರಿಸಿದೆ. ಹಳದಿ ಬರಲಿಲ್ಲ.

ಎಲೆಯಡಿಕೆ ಬಾಯಿಗೆ ಒಳ್ಳೆಯದೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಆದರೆ ಮಾಡದ ತಪ್ಪನ್ನು ಆಯಿಯ ತಲೆಗೆ ಕಟ್ಟಲು ನಾನು ಬಿಡುವವಳಲ್ಲ.

ಸಂಜೆ ದೊಡ್ಡಪ್ಪ ಡಬ್ಬಿಯನ್ನು ಆಕೆಯ ಮುಂದಿಟ್ಟರು. ಆಯಿ ಮುಚ್ಚಳ ತೆಗೆದು ಇಣುಕಿದಳು.

"ಸುಣ್ಣ ಕಡಿಮಿ ಆಗೇತಿ. ಯಾರ ತಿಂದ್ರಿ?"

"ನಿನ್ನ ಮೊಮ್ಮಗಳ ಕಾಲೇಜು," ಎಂದರು ದೊಡ್ಡಪ್ಪ.